ಕಯಾಕಿನೊಳಗೆ ಒಂದು ಲೋಟ ನೀರು

ಕಯಾಕ್ ಸೋರುತ್ತದೆ ಎಂದು ತಂದವರು ಬೆರಳಿಟ್ಟು ತೋರಿಸುವ ಜಾಗದಲ್ಲಿ ಸೋರಿಕೆ ಇರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈಗ ನಮ್ಮ ಕಡೆ ಹೊಳೆ ಇದ್ದಲ್ಲೆಲ್ಲ ಕಯಾಕ್ ಉಂಟು, ಅದನ್ನು ರಿಪೇರಿ ಮಾಡುವವರು ಮಾತ್ರ ಇಲ್ಲ. ಹೊಸದಾಗಿ ಈ ಕೆಲಸಕ್ಕೆ ಇಳಿಯುವವರು ಮೊದಲ ದಿನವೇ ಗಿರಾಕಿ ತೋರಿಸಿದ ಜಾಗಕ್ಕೆ ರೆಸಿನ್ ಅಂಟು ಮೆತ್ತಿ ಕೈ ತೊಳೆದುಕೊಳ್ಳುತ್ತಾರೆ. ನೀರು ಹಾಗೆಲ್ಲ ಸಿಕ್ಕಿಬೀಳುವ ಜಾತಿಯದ್ದಲ್ಲ ಮಾರಾಯ್ರೇ. ಒಂದು ಕಡೆ ಒಳಗೆ ಬಂದು, ತಳದಲ್ಲಿ ಹರಿದು, ಬೇರೆಲ್ಲೋ ಹೋಗಿ ನಿಂತಿರುತ್ತದೆ. ನಿಂತ ಜಾಗ ಎಲ್ಲರಿಗೂ ಕಾಣುತ್ತದೆ, ಬಂದ ಜಾಗ ಹುಡುಕುವುದಕ್ಕೇ ನಮಗೆ ಸಂಬಳ.

ನಾನು ಕಾಪುವಿನವ, ವಾಸು ಅಂತ. ಮಲ್ಪೆಯಲ್ಲಿ ಬೋಟುಗಳಿಗೆ ಫೈಬರ್ ಹೊದಿಸುವ ಕೆಲಸ ಬಹಳ ವರ್ಷ ಮಾಡಿದೆ. ಆಮೇಲೆ ಇಕ್ಬಾಲ್ ಕರೆದ. ಅವನು ದುಬೈಯಲ್ಲಿ ದುಡಿದು ಊರಿಗೆ ಬಂದವ. ಕೆಮ್ಮಣ್ಣಿನಲ್ಲಿ ಹೊಳೆ ಬದಿಗೆ ಒಂದು ತೆಂಗಿನ ತೋಟ ವಹಿಸಿಕೊಂಡು, ಎಂಟು ಕಯಾಕ್ ತರಿಸಿ ಬಾಡಿಗೆಗೆ ಬಿಟ್ಟಿದ್ದ. ಒಬ್ಬರೇ ಕೂತು, ಒಂದೇ ಹುಟ್ಟನ್ನು ಎರಡೂ ಬದಿಗೆ ಹಾಕುತ್ತಾ ಹೋಗುವ ಸಪೂರ ದೋಣಿ ಅದು. ನನಗಿಂತ ಹದಿನೈದು ವರ್ಷ ಚಿಕ್ಕವನಾದರೂ ಇಕ್ಬಾಲ್ ನನ್ನ ಧಣಿ. "ವಾಸಣ್ಣ, ನಿಮಗೆ ಫೈಬರ್ ಗೊತ್ತುಂಟು, ದೋಣಿ ಗೊತ್ತುಂಟು. ಇದು ಎರಡೂ ಸೇರಿದ್ದು, ಅಷ್ಟೇ," ಎಂದ. ನಾನೂ ಅಷ್ಟೇ ಅಂದುಕೊಂಡೆ.

ಮೊದಲ ವಾರವೇ ಮರ್ಯಾದೆ ಹೋಯಿತು. ಒಂದು ಹೊಸ ಕಯಾಕ್ ಸ್ವಲ್ಪ ಸ್ವಲ್ಪ ಸೋರುತ್ತಿತ್ತು. ನಮ್ಮ ಅಜ್ಜನ ಕಾಲದ ಮರದ ದೋಣಿ ಹಾಗೆ ಸೋರಿದರೆ ಎರಡು ದಿನ ನೀರಿನಲ್ಲಿ ಮುಳುಗಿಸಿ ಇಡುತ್ತಿದ್ದರು. ಮರ ನೀರು ಕುಡಿದು ಉಬ್ಬುತ್ತದೆ, ಹಲಗೆಗಳ ಸಂದು ತನ್ನಷ್ಟಕ್ಕೆ ಮುಚ್ಚುತ್ತದೆ. ನಾನು ಹಿಂದೆ ಮುಂದೆ ನೋಡದೆ ಆ ಕಯಾಕಿನಲ್ಲಿ ನಾಲ್ಕು ಮುರಕಲ್ಲು ಹೇರಿ ಹೊಳೆಯಲ್ಲಿ ಮುಳುಗಿಸಿದೆ.

ಮರುದಿನ ಇಕ್ಬಾಲ್ ಬಂದು ದೋಣಿ ಕಟ್ಟುವ ದಕ್ಕೆಯ ಮೇಲೆ ನಿಂತು ನೀರೊಳಗೆ ಬಗ್ಗಿ ನೋಡಿದ. "ಎಂತ ವಾಸಣ್ಣ ಇದು? ಹೊಸ ಕಯಾಕ್ ಮುಳುಗಿಸಿ ಇಟ್ಟಿದ್ದೀರಲ್ಲ."

"ಸ್ವಲ್ಪ ನೀರು ಕುಡಿಯಲಿ ಅಂತ."

"ಅದು ಮರ ಅಲ್ಲ ಮಾರಾಯ್ರೇ. ಅದಕ್ಕೆ ಬಾಯಾರಿಕೆ ಇಲ್ಲ."

ಫೈಬರಿನಲ್ಲೇ ಅರ್ಧ ಆಯುಷ್ಯ ಕಳೆದವ ನಾನು, ದೋಣಿ ಸೋರುತ್ತದೆ ಎಂದ ಕೂಡಲೇ ಕೈ ಅಜ್ಜನ ಬುದ್ಧಿಗೆ ಹೋಗಿತ್ತು. ಇಕ್ಬಾಲ್ ಆ ಕಥೆಯನ್ನು ಬಂದ ಬಂದ ಗಿರಾಕಿಗೆಲ್ಲ ಹೇಳಿ ನಗಾಡಿದ. ನಾನೂ ನಕ್ಕೆ, ಬೇರೆ ಎಂತ ಮಾಡುವುದು?

ಎರಡನೆಯದ್ದು ನಗುವ ತಪ್ಪಲ್ಲ. ಮಳೆಗಾಲಕ್ಕೆ ಕಯಾಕುಗಳನ್ನು ಮೇಲೆ ಎತ್ತಿ ಇಡುವಾಗ ಎಂಟಕ್ಕೂ ಬೂತಾಯಿ ಎಣ್ಣೆ ಹಚ್ಚಿದೆ. ಬೂತಾಯಿ ಮೀನು ಬೇಯಿಸಿ ತೆಗೆಯುವ ಎಣ್ಣೆ, ಮರದ ದೋಣಿಗೆ ಅದು ಮದ್ದು. ಫೈಬರಿಗೆ ವಿಷ. ಎಣ್ಣೆ ಕಣ್ಣಿಗೆ ಕಾಣದ ಗೀರುಗಳಿಗೆಲ್ಲ ಇಳಿದು ಕೂತಿತು. ಮಳೆ ಮುಗಿದ ಮೇಲೆ ನಾನು ಹಾಕಿದ ಪ್ಯಾಚುಗಳು ಒಂದೂ ನಿಲ್ಲಲಿಲ್ಲ, ಒಣಗಿದ ಗಾಯದ ಸಿಪ್ಪೆಯ ಹಾಗೆ ಎದ್ದು ಬಂದವು. ಅಷ್ಟನ್ನೂ ಉಜ್ಜಿ, ತಿನ್ನರ್ ಹಾಕಿ ತೊಳೆದು, ಮತ್ತೆ ಉಜ್ಜಿ ಸರಿ ಮಾಡುವಾಗ ದೀಪಾವಳಿ ಬಂದಿತ್ತು. ಆ ಸಲ ಇಕ್ಬಾಲ್ ನಗಲೂ ಇಲ್ಲ, ಬೈಯಲೂ ಇಲ್ಲ. ಎರಡು ವಾರ ನನ್ನೊಡನೆ ಲೆಕ್ಕದಷ್ಟೇ ಮಾತಾಡಿದ. ಬೈದಿದ್ದರೆ ಒಳ್ಳೆಯದಿತ್ತು ಅನ್ನಿಸಿತು.

ಕೆಲಸದ ಕ್ರಮ ಹೇಳುತ್ತೇನೆ, ಕಲಿಯುವವರಿಗೆ ಬೇಕಾಗುತ್ತದೆ. ಮೊದಲು ಕಯಾಕನ್ನು ಒಂದು ದಿನ ಪೂರ್ತಿ ಒಣಗಿಸಬೇಕು. ಆಮೇಲೆ ಒಳಗಿನ ನೀರು ಬಸಿಯಲೆಂದು ಇರುವ ಹಿಂಬದಿಯ ಬಿರಡೆ ತೆಗೆದು, ಆ ತೂತಿನಿಂದ ಸೈಕಲ್ ಪಂಪಿನಲ್ಲಿ ಹದವಾಗಿ ಗಾಳಿ ತುಂಬುವುದು, ಮೈಗೆಲ್ಲ ಸೋಪು ನೀರು ಬಳಿಯುವುದು. ಎಲ್ಲಿ ಗುಳ್ಳೆ ಏಳುತ್ತದೆಯೋ ಅಲ್ಲಿ ಚಾಕ್‌ಪೀಸಿನ ಗುರುತು. ಗಾಳಿಗೆ ಸಿಗದಿದ್ದರೆ ಒಳಗೆ ನೀರು ತುಂಬಿಸಿ, ಎರಡು ಟಯರಿನ ಮೇಲೆ ಇಟ್ಟು, ಹೊರಗೆ ಎಲ್ಲಿ ಹನಿ ಕಟ್ಟುತ್ತದೆ ಎಂದು ಕಾಯುವುದು. ಪ್ಲಾಸ್ಟಿಕ್ ಕಯಾಕಿಗೆ ಯಾವ ಅಂಟೂ ಹಿಡಿಯುವುದಿಲ್ಲ, ಅದೇ ಜಾತಿಯ ಪ್ಲಾಸ್ಟಿಕ್ ಕಡ್ಡಿಯನ್ನು ಬಿಸಿ ಮಾಡಿ ಕರಗಿಸಿ ಬೆಸೆಯಬೇಕು. ಫೈಬರಿಗೆ ಬಿರುಕಿನ ಸುತ್ತ ನಾಲ್ಕು ಬೆರಳು ಅಗಲ ಉಜ್ಜಿ, ಗಾಜಿನ ನಾರಿನ ಮ್ಯಾಟ್ ಇಟ್ಟು ಮೇಲೆ ರೆಸಿನ್. ಹೇಳಿದರೆ ಇಷ್ಟೇ. ಮಾಡುವಾಗ ಕಾಯುವುದೇ ಹೆಚ್ಚು. ಪಕ್ಕದಲ್ಲಿ ಒಬ್ಬ ಮಾತಾಡುತ್ತಾ ನಿಂತರೆ ಒಂದು ಹನಿ ತಪ್ಪಿಹೋಗುತ್ತದೆ, ಹಾಗಾಗಿ ಈ ಕೆಲಸವನ್ನು ಒಬ್ಬರೇ ಮಾಡುವುದು.

ಒಮ್ಮೆ ಕಾರ್ಕಳದಿಂದ ಫೋನು ಬಂತು. ಬ್ಯಾಂಕಿನಿಂದ ನಿವೃತ್ತರಾದವರೊಬ್ಬರು ಕೆರೆಯಲ್ಲಿ ಬಿಡಲೆಂದು ಕಯಾಕ್ ತಂದಿದ್ದರು, ಇಳಿಸಿದ ಕೂಡಲೇ ನೀರು ತುಂಬುತ್ತದಂತೆ. ರೆಸಿನ್ ಡಬ್ಬಿ ಹಿಡಿದುಕೊಂಡು ಉಡುಪಿಗೆ ಒಂದು ಬಸ್ಸು, ಅಲ್ಲಿಂದ ಬೆಳ್ಮಣ್ ಮೇಲೆ ಹೋಗುವ ಇನ್ನೊಂದು ಬಸ್ಸು. ವಾಸನೆಗೆ ಕಂಡಕ್ಟರ್ ದಾರಿಯುದ್ದಕ್ಕೂ ಪಿರಿಪಿರಿ ಮಾಡಿದ. ಹೋಗಿ ನೋಡಿದರೆ ಕಯಾಕಿಗೆ ಬಿರಡೆಯೇ ಇಲ್ಲ. ಕಳೆದುಹೋದೀತು ಎಂದು ಅವರೇ ಅದನ್ನು ತೆಗೆದು ಮನೆಯ ಬೀಗದ ಕೈ ಗೊಂಚಲಿಗೆ ಕಟ್ಟಿ ಇಟ್ಟುಕೊಂಡಿದ್ದರು. ಸುಮ್ಮನೆ ಒಂದು ಗಂಟೆ ಸೋಪು ನೀರು ಬಳಿದು, ದೊಡ್ಡ ರಿಪೇರಿ ಎಂದು ಹೇಳಿಬಿಡಬಹುದಿತ್ತು. ನಾನು ಗೊಂಚಲು ಕೇಳಿ ತೆಗೆದುಕೊಂಡು ಬಿರಡೆ ಹಾಕಿ, "ಇದೇ ಸರ್ ನಿಮ್ಮ ಸೋರಿಕೆ," ಎಂದೆ. ಪಾಪ, ಅವರು ಹೊಟ್ಟೆ ತುಂಬಾ ಊಟ ಹಾಕಿ ಕಳುಹಿಸಿದರು. ಬರುವಾಗ ಬಸ್ಸಿನಲ್ಲಿ ನನಗೆ ನನ್ನ ಬಗ್ಗೆ ಭಾರೀ ಹೆಮ್ಮೆ. ಇದ್ದದ್ದನ್ನು ಇದ್ದ ಹಾಗೆ ಹೇಳುವ ಮನುಷ್ಯ ಎಂದರೆ ನಾನೇ ಅಂದುಕೊಂಡಿದ್ದೆ.

ಈಗ ಹೇಳಬೇಕಾದ್ದಕ್ಕೆ ಬರುತ್ತೇನೆ.

ನನ್ನ ಹೆಂಡತಿ ತೀರಿಹೋದ ಮೇಲೆ ನಾನು ಕಾಪುವಿನಲ್ಲಿ ತಮ್ಮನ ಮನೆಯಲ್ಲಿ ಇದ್ದೇನೆ. ಮನೆ ತುಂಬಾ ಜನ. ಊಟಕ್ಕೆ ಕರೆಯುತ್ತಾರೆ, ಬಟ್ಟೆ ಒಗೆದು ಕೊಡುತ್ತಾರೆ, ಒಂದು ಕೆಟ್ಟ ಮಾತು ಆಡಿದವರಿಲ್ಲ. ಆದರೆ ಸಂಜೆ ಬಂದವನನ್ನು "ಇವತ್ತು ಎಂತ ಕೆಲಸ ಇತ್ತು?" ಎಂದು ಕೇಳುವವರೂ ಇಲ್ಲ. ಟಿವಿ ಜೋರಾಗಿ ಓಡುತ್ತಿರುತ್ತದೆ. ಹಗಲಿಡೀ ಇಕ್ಬಾಲನ ತೋಟದ ಶೆಡ್ಡಿನಲ್ಲಿ ಒಬ್ಬನೇ, ಸಂಜೆ ಹತ್ತು ಜನರ ನಡುವೆ ಒಬ್ಬನೇ. ಬೇಸರ ಎಂದರೆ ಎಂತದು ಎಂದು ನನಗೆ ಆಗ ಗೊತ್ತಾದದ್ದು.

ಆ ಸಮಯಕ್ಕೆ ಡಾಕ್ಟರ್ ಮೇಡಂ ಬಂದರು. ಮಣಿಪಾಲದ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ, ಧಾರವಾಡ ಕಡೆಯವರು, ಐವತ್ತರ ಮೇಲಿನ ಪ್ರಾಯ. ಒಂದು ಹಳೆಯ ಫೈಬರ್ ಕಯಾಕ್ ಯಾರಿಂದಲೋ ಕೊಂಡು ನಮ್ಮಲ್ಲಿ ಇಡಲು ಕೊಟ್ಟರು. ಪ್ರತಿ ಭಾನುವಾರ ಬೆಳಿಗ್ಗೆ ಒಬ್ಬರೇ ಕಾರು ಓಡಿಸಿಕೊಂಡು ಬಂದು, ಹೊಳೆ ಕಡಲು ಸೇರುವ ಅಳಿವೆಯವರೆಗೆ ಹೋಗಿ, ಸಮುದ್ರ ನೋಡಿ ಬರುತ್ತಿದ್ದರು. ಬಂದ ಮೇಲೆ ನಾನು ಬಿರಡೆ ತೆಗೆದು ಕಯಾಕ್ ವಾಲಿಸುವುದು, ಒಳಗಿನ ನೀರು ಅಳೆಯುವುದು.

"ಇವತ್ತೂ ನೀರು ಬಂದದ ನೋಡ್ರಿ ವಾಸಣ್ಣ."

"ಎಷ್ಟು ಮೇಡಂ?"

"ನೀವೇ ನೋಡ್ರಿ. ಒಂದ್ ಲೋಟ ಆಗ್ತದ."

ಒಂದು ಲೋಟ. ಒಂದು ವಾರವೂ ತಪ್ಪಲಿಲ್ಲ. ಗಾಳಿ ತುಂಬಿದೆ, ಸೋಪು ಬಳಿದೆ, ನೀರು ತುಂಬಿಸಿ ಟಯರಿನ ಮೇಲೆ ಇಟ್ಟು ಕಾದೆ. ಗುಳ್ಳೆ ಇಲ್ಲ, ಹನಿ ಇಲ್ಲ. ನನಗೆ ಮಂಡೆಬಿಸಿ ಆಯಿತು. ಮೇಡಂಗೆ ಮಾತ್ರ ಅದರಲ್ಲಿ ಕುತೂಹಲ. ಶೆಡ್ಡಿನಲ್ಲಿ ಕೂತು ನನ್ನ ಟೀ ಕುಡಿಯುತ್ತಾ, ಈ ವಾರ ಎಲ್ಲೆಲ್ಲಿ ಹುಡುಕಿದಿರಿ, ಯಾಕೆ ಅಲ್ಲಿ ಇಲ್ಲ ಅಂತೀರಿ ಎಂದೆಲ್ಲ ಕೇಳುತ್ತಿದ್ದರು. ನನ್ನ ಕೆಲಸದ ಬಗ್ಗೆ ಅಷ್ಟು ಪ್ರಶ್ನೆ ಕೇಳಿದ ಮನುಷ್ಯರು ನನ್ನ ಜೀವಮಾನದಲ್ಲಿ ಬೇರೆ ಯಾರೂ ಇಲ್ಲ.

"ನಂದೂ ಹುಡುಕೋ ಕೆಲಸಾನ ರೀ," ಎಂದರು ಒಂದು ದಿನ. "ಗಾಜಿನ ಮ್ಯಾಲೆ ಒಂದ್ ಚೂರು ಮಾಂಸ ಇಟ್ಟು ಇಡೀ ದಿನ ನೋಡೂದು. ರೋಗಿ ಮುಖ ನೋಡಂಗಿಲ್ಲ, ಮಾತಾಡಂಗಿಲ್ಲ."

"ಸಿಗದಿದ್ದರೆ?"

"ಸಿಗದಿದ್ರ ಮತ್ತ ನೋಡೂದು. ಸಿಕ್ಕರ ಮಾತ್ರ ಆ ದಿನಾನೇ ಬರದುಬಿಡಬೇಕ್ರಿ. ನಾಳೆ ಅನ್ನಂಗಿಲ್ಲ."

ಕಾಲು ಗಂಟೆ ಕೂರುತ್ತಿದ್ದವರು ಅರ್ಧ ಗಂಟೆ ಕೂರತೊಡಗಿದರು. ತಪ್ಪು ತಿಳಿಯಬೇಡಿ, ಬೇರೆ ಎಂತದೂ ಇಲ್ಲ. ಅವರಿಗೂ ಮಣಿಪಾಲದಲ್ಲಿ ಹಾಗೆ ಕೂತು ಮಾತಾಡುವವರು ಯಾರೂ ಇರಲಿಲ್ಲ ಎಂದು ಕಾಣುತ್ತದೆ. ನನಗಂತೂ ಸೋಮವಾರದಿಂದಲೇ ಭಾನುವಾರದ ಯೋಚನೆ.

ಆಮೇಲೆ ಸೋರಿಕೆ ಸಿಕ್ಕಿತು. ಯಾರೂ ಕೂರದ ಕಯಾಕಿನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ, ಜನ ಕೂತಾಗ ಮಾತ್ರ ಬಾಯಿ ಬಿಡುತ್ತದೋ ಎಂತದೋ ಎಂದು ಒಂದು ಬುಧವಾರ ನನಗೆ ಹೊಳೆಯಿತು. ಗೋಣಿಯಲ್ಲಿ ಹೊಯಿಗೆ, ಅಂದರೆ ಮರಳು, ತುಂಬಿಸಿ, ಮೇಡಂನಷ್ಟು ತೂಕ ಅಂದಾಜು ಮಾಡಿ, ಸೀಟಿನ ಮೇಲೆ ಇಟ್ಟೆ. ಒಳಗೆ ನೀರು ಬಿಟ್ಟೆ. ಕೆಳಗೆ ಮಲಗಿ ನೋಡುತ್ತಾ ಇದ್ದ ಹಾಗೆ ಸೀಟಿನ ಬೋಲ್ಟಿನ ಪಕ್ಕದಲ್ಲಿ ಒಂದು ಹನಿ ಕಟ್ಟಿತು. ಬೋಲ್ಟಿನಿಂದ ಹೊರಟ ಬಿರುಕು, ಬೆರಳುದ್ದ, ತಲೆಕೂದಲಿಗಿಂತ ಸಪೂರ. ಗೋಣಿ ಇಳಿಸಿದರೆ ಮಾಯ, ಏರಿಸಿದರೆ ಹನಿ. ಚಾಕ್‌ಪೀಸಿನಲ್ಲಿ ಸುತ್ತ ಗುರುತು ಹಾಕಿದೆ. ಇಷ್ಟು ವರ್ಷದ ಕೆಲಸದಲ್ಲಿ ಅಷ್ಟು ಖುಷಿ ನನಗೆ ಯಾವತ್ತೂ ಆದದ್ದಿಲ್ಲ.

ಭಾನುವಾರ ಹೇಳಬೇಕು ಎಂದು ಮಾತು ಜೋಡಿಸಿಕೊಂಡೆ. ಜೋಡಿಸುತ್ತಾ ಹೋದ ಹಾಗೆ ಅದರ ಮುಂದಿನ ಭಾನುವಾರವೂ ಕಣ್ಣ ಮುಂದೆ ಬಂತು. ಬಿರಡೆ ತೆಗೆಯುತ್ತೇನೆ, ನೀರಿಲ್ಲ. "ಥ್ಯಾಂಕ್ಸ್ ರೀ ವಾಸಣ್ಣ" ಎನ್ನುತ್ತಾರೆ, ಕಾರು ಹತ್ತುತ್ತಾರೆ. ಶೆಡ್ಡಿನೊಳಗೆ ಬಂದು ಕೂರಲು ಅವರಿಗೆ ಎಂತ ಕಾರಣ ಉಂಟು? ನಾನು ಒದ್ದೆ ಬಟ್ಟೆ ತೆಗೆದುಕೊಂಡು ಚಾಕಿನ ಗುರುತು ಒರೆಸಿಬಿಟ್ಟೆ.

ಅಷ್ಟಕ್ಕೇ ನಿಲ್ಲಿಸಿದ್ದರೂ ಬೇರೆ ಮಾತು. ಬಿರುಕು ಬೆಳೆದರೆ ಅಪಾಯ ಎಂದು ನನಗೆ ಗೊತ್ತಿತ್ತು, ಹಾಗಾಗಿ ಮೇಣದ ಬತ್ತಿ ತೆಗೆದುಕೊಂಡು ಅದರ ಮೇಲೆ ತಿಕ್ಕಿದೆ. ಪೂರ್ತಿ ನಿಲ್ಲಬಾರದು, ಹೆಚ್ಚೂ ಆಗಬಾರದು. ಪ್ರತಿ ಶನಿವಾರ ಹದ ನೋಡಿ ತಿಕ್ಕುತ್ತಿದ್ದೆ. ಪ್ರತಿ ಭಾನುವಾರ ಸರಿಯಾಗಿ ಒಂದು ಲೋಟ ನೀರು ಬರುತ್ತಿತ್ತು. ಸೋರಿಕೆ ಮುಚ್ಚುವ ಕೆಲಸಕ್ಕೆ ಸಂಬಳ ತೆಗೆದುಕೊಳ್ಳುವವ ಸೋರಿಕೆಯನ್ನು ಸಾಕುತ್ತಾ ಕೂತಿದ್ದೆ. ಮೇಡಂ "ಇನ್ನೂ ಸಿಗಲಿಲ್ಲೇನ್ರಿ?" ಎಂದು ಕೇಳಿದರೆ, "ಇಲ್ಲ ಮೇಡಂ, ಹುಡುಕುತ್ತಾ ಇದ್ದೇನೆ" ಎನ್ನುತ್ತಿದ್ದೆ. ಸುಳ್ಳು ಹೇಳುವಾಗ ನನ್ನ ಸ್ವರ ಸ್ವಲ್ಪವೂ ಬದಲಾಗುತ್ತಿರಲಿಲ್ಲ, ಅದೇ ನನಗೆ ಈಗಲೂ ಹೆದರಿಕೆ.

ಹೀಗೆ ನಾಲ್ಕು ತಿಂಗಳು ಹೋಯಿತು. ಬೇಸಿಗೆ ಸುರುವಾಯಿತು. ಮೇಣ ಬಿಸಿಲಿಗೆ ಕರಗುತ್ತದೆ ಎನ್ನುವುದು ಸಣ್ಣ ಮಕ್ಕಳಿಗೂ ಗೊತ್ತು, ನನಗೆ ತಲೆಗೆ ಬರಲಿಲ್ಲ.

ಆ ಭಾನುವಾರ ಕಯಾಕಿನಲ್ಲಿ ಹೋದ ಮೇಡಂ ಹನ್ನೊಂದು ಗಂಟೆಗೆ ತಿರುಗಿ ಬರಬೇಕಾದವರು ಹನ್ನೆರಡಾದರೂ ಬರಲಿಲ್ಲ. ಇಕ್ಬಾಲ್ ಫೋನು ಮಾಡಿದ, ಸ್ವಿಚ್ ಆಫ್. "ಇಳಿತ ಜೋರುಂಟು ವಾಸಣ್ಣ," ಎಂದ. ಇಳಿತ ಎಂದರೆ ಹೊಳೆಯ ನೀರೆಲ್ಲ ಸಮುದ್ರಕ್ಕೆ ಎಳೆಯುವ ಹೊತ್ತು. ಅಳಿವೆಯ ಹತ್ತಿರ ತುಂಬಿದ ಕಯಾಕು ಸಿಕ್ಕಿದರೆ ಎಲ್ಲಿಗೆ ಹೋಗುತ್ತದೆ ಎಂದು ನನಗೆ ಯಾರೂ ಹೇಳಬೇಕಾಗಿಲ್ಲ. ಇಕ್ಬಾಲ್ ಎಂಜಿನ್ ದೋಣಿ ತೆಗೆದ, ನಾನು ಮುಂದೆ ಕೂತೆ. ದಾರಿಯಲ್ಲಿ ಅವನು ಎಂತೆಂತದೋ ಕೇಳುತ್ತಿದ್ದ, ನಾನು ಎರಡೂ ದಡ ನೋಡುತ್ತಾ ಹೋದೆ. ದೇವರೇ, ಆ ಹೆಂಗಸು ಬದುಕಿದ್ದರೆ ಸಾಕು ಎಂದು ಅದೊಂದೇ ಹೇಳಿಕೊಳ್ಳುತ್ತಿದ್ದೆ.

ಅರ್ಧ ದಾರಿಯಲ್ಲಿ ಹೊಳೆಯ ತಳದಿಂದ ಮರುವಾಯಿ ಚಿಪ್ಪು ಹೆಕ್ಕುವವರ ದೋಣಿಯೊಂದು ಎದುರು ಬಂತು. ಅದರಲ್ಲಿ ಮೇಡಂ ಕೂತಿದ್ದರು, ಮೈಮೇಲೆ ಯಾರದೋ ತಲೆ ಒರೆಸುವ ಬೈರಾಸು. ಹಿಂದೆ ಹಗ್ಗದಲ್ಲಿ ಕಯಾಕ್, ಅರ್ಧ ಮುಳುಗಿ ಬರುತ್ತಿತ್ತು.

ಆದದ್ದು ಇಷ್ಟು. ಅಳಿವೆಯ ಹೊಯಿಗೆ ದಿಬ್ಬದಲ್ಲಿ ಕಯಾಕನ್ನು ಬಿಸಿಲಿಗೆ ಮಗುಚಿ ಹಾಕಿ ಅವರು ಸ್ವಲ್ಪ ಹೊತ್ತು ಕೂತಿದ್ದರು. ಮೇಣ ಕರಗಿ ಹೋಯಿತು. ಮತ್ತೆ ಇಳಿಸಿ ಹತ್ತು ಹುಟ್ಟು ಹಾಕುವುದರೊಳಗೆ ಬಿರುಕು ಸೀಳಿ ನೀರು ಸೊಂಟಕ್ಕೆ ಬಂತು. ಲೈಫ್ ಜಾಕೆಟ್ ಇತ್ತು, ಈಜು ಬರುತ್ತಿತ್ತು, ದಿಬ್ಬ ಹತ್ತಿರ ಇತ್ತು. ಹೇಗೋ ಕಯಾಕನ್ನೂ ಎಳೆದುಕೊಂಡು ದಿಬ್ಬಕ್ಕೆ ಹತ್ತಿದರು. ಮೊಬೈಲಿಗೆ ನೀರು ಹೋಗಿತ್ತು. ಮರುವಾಯಿಯವರು ನೋಡುವವರೆಗೆ ಅಲ್ಲೇ, ಒಬ್ಬರೇ.

ಶೆಡ್ಡಿನಲ್ಲಿ ಟೀ ಕೊಟ್ಟೆ. ಇಕ್ಬಾಲ್ ಒಣ ಬಟ್ಟೆ ತರುತ್ತೇನೆಂದು ಮನೆಗೆ ಹೋದ. ಮೇಡಂ ನನ್ನ ಮುಖ ನೋಡಿ, "ನಿಮ್ಮದೇನ್ ತಪ್ಪದ ಬಿಡ್ರಿ ವಾಸಣ್ಣ. ಎಷ್ಟ್ ದಿನದಿಂದ ಹುಡುಕ್ಲಿಕ್ಕತ್ತೀರಿ ನೀವು," ಎಂದರು.

ಬೈದಿದ್ದರೆ ಸುಮ್ಮನಿದ್ದುಬಿಡುತ್ತಿದ್ದೆನೋ ಎಂತದೋ. ಆ ಮಾತು ತಡೆದುಕೊಳ್ಳಲು ಆಗಲಿಲ್ಲ.

"ಸಿಕ್ಕಿತ್ತು ಮೇಡಂ," ಎಂದೆ. "ನಾಲ್ಕು ತಿಂಗಳ ಹಿಂದೆಯೇ. ಮುಚ್ಚಲಿಲ್ಲ. ಮೇಣ ತಿಕ್ಕಿ ಇಟ್ಟಿದ್ದೆ."

ಅವರು ಲೋಟ ಕೆಳಗಿಟ್ಟರು. "ಯಾಕ್ರಿ?"

"ಸೋರಿಕೆ ನಿಂತರೆ ನೀವು ಇಲ್ಲಿ ಬಂದು ಕೂರುವುದಿಲ್ಲ ಅಂತ."

ಅಳುತ್ತಾರೋ ಬೈಯುತ್ತಾರೋ ಎಂದು ಕಾದೆ. ಎರಡೂ ಮಾಡಲಿಲ್ಲ. ಇಕ್ಬಾಲ್ ಬಟ್ಟೆ ತಂದಾಗ ಅವನ ಹತ್ತಿರ ಮೇಣದ ವಿಷಯ ಎತ್ತಲಿಲ್ಲ. ಹೊರಡುವಾಗ ನನ್ನ ಹತ್ತಿರ, "ಮುಂದಿನ ಐತವಾರದೊಳಗ ರಿಪೇರಿ ಆಗಬೇಕು," ಎಂದರು. ಆ ಮಾತಿನಲ್ಲಿ 'ರೀ' ಇರಲಿಲ್ಲ.

ಸೀಟು ಬಿಚ್ಚಿ, ಬೋಲ್ಟು ತೆಗೆದು, ಮೇಣದ ಅಂಶ ಒಂದು ಚೂರೂ ಉಳಿಯದ ಹಾಗೆ ಕೆರೆದು ತೊಳೆದೆ. ಒಳಗಿನಿಂದ ಮೂರು ಪದರ, ಹೊರಗಿನಿಂದ ಎರಡು. ಮೂರು ದಿನ ಒಣಗಿಸಿದೆ. ಹೊಯಿಗೆ ಗೋಣಿ ಒಂದಲ್ಲ, ಎರಡು ಇಟ್ಟು ನೋಡಿದೆ. ನಾಲ್ಕು ತಿಂಗಳು ಮಾಡದೆ ಇಟ್ಟ ಕೆಲಸ ಅಷ್ಟೇ ಇತ್ತು.

ಭಾನುವಾರ ಬೆಳಿಗ್ಗೆ ಬಂದರು. ನಾನು ಕಯಾಕ್ ದಕ್ಕೆಗೆ ಇಳಿಸಿ ಹುಟ್ಟು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. "ಮದಲ ನೀವು ಹೋಗಿ ಬರ್ರಿ. ನಾ ಕೂತಿದ್ನಲ್ಲ, ಆ ದಿಬ್ಬದ ತನಕ. ನಾ ಇಲ್ಲೇ ನಿಂತಿರ್ತೀನಿ."

ಇಷ್ಟು ವರ್ಷ ಇಷ್ಟು ಕಯಾಕಿನ ಸೋರಿಕೆ ಮುಚ್ಚಿದವ ನಾನು ಒಂದರಲ್ಲಿಯೂ ಅಷ್ಟು ದೂರ ಹೋದವನಲ್ಲ. ಹೋದೆ. ದಿಬ್ಬದ ಮೇಲೆ ಹತ್ತಿ ಕೂತೆ. ಈಚೆ ಹೊಳೆ, ಆಚೆ ಸಮುದ್ರ, ತೆಂಗಿನ ತೋಟ ದೂರದಲ್ಲಿ ಒಂದು ಗೆರೆ ಮಾತ್ರ. ಒಮ್ಮೆ ಇಕ್ಬಾಲನ ಹೆಸರು ಹಿಡಿದು ಗಟ್ಟಿಯಾಗಿ ಕೂಗಿ ನೋಡಿದೆ. ತೆರೆಯ ಸದ್ದಿಗೆ ನನ್ನ ಸ್ವರ ನನಗೇ ಸರಿಯಾಗಿ ಕೇಳಲಿಲ್ಲ. ನನ್ನ ಬೇಸರ ದೊಡ್ಡದು ಅಂದುಕೊಂಡಿದ್ದೆ. ಆ ಹೆಂಗಸನ್ನು ನಾನು ಎಲ್ಲಿ ತಂದು ಕೂರಿಸಿದ್ದೆ ಎಂದು ಅಲ್ಲಿ ಕೂತಾಗ ಗೊತ್ತಾಯಿತು. ಅಲ್ಲಿ ನನಗೆ ಅಳು ಬಂತು, ಹೇಳಲು ನಾಚಿಕೆ ಇಲ್ಲ.

ತಿರುಗಿ ಬಂದಾಗ ಮೇಡಂ ಬಿಸಿಲಿನಲ್ಲಿ ಹಾಗೆಯೇ ನಿಂತಿದ್ದರು. ನಾನು ಇಳಿದೆ. ಬಿರಡೆಯನ್ನು ಅವರೇ ತೆಗೆದರು, ಕಯಾಕನ್ನು ಅವರೇ ವಾಲಿಸಿದರು. ಒಂದು ತೊಟ್ಟು ನೀರು ಬರಲಿಲ್ಲ.

"ಇನ್ನ ಹುಡುಕೂದೇನೂ ಉಳಿದಿಲ್ಲಲ್ರಿ?"

"ಇಲ್ಲ ಮೇಡಂ."

ತಲೆಯಾಡಿಸಿ, ಬಿರಡೆ ಬಿಗಿದು, ಹುಟ್ಟು ತೆಗೆದುಕೊಂಡು ಹೊರಟರು. ಒಂದೂವರೆ ಗಂಟೆಯಲ್ಲಿ ವಾಪಸು ಬಂದು, ಮತ್ತೆ ತಾವೇ ವಾಲಿಸಿ ನೋಡಿ, "ಒಣಗೇ ಅದ. ಚಲೋ ಮಾಡೀರಿ," ಎಂದರು. ಈ ಕೆಲಸದಲ್ಲಿ ಅದಕ್ಕಿಂತ ಒಳ್ಳೆಯ ಮಾತು ಕೇಳಲು ಸಿಗುವುದಿಲ್ಲ. ಆಮೇಲೆ ಅವರು ಕಾರಿನ ಕಡೆ ನಡೆದರು, ನಾನು ಶೆಡ್ಡಿಗೆ ಹೋಗಿ ಒಬ್ಬನಿಗೇ ಟೀ ಮಾಡಿಕೊಂಡೆ.